ಹಿಮಾಲಯಕ್ಕೆ ಹೊರಟಿರಾ? ರಜೆಗೆ ಎರಡು ದಿನ ಸೇರಿಸಿ ಬರೆಯಿರಿ

ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಮೇ ತಿಂಗಳಲ್ಲಿ ಬೆಳಗಿನ ಜಾವ ಹೋದರೆ ದೆಹಲಿ, ಡೆಹರಾಡೂನ್ ವಿಮಾನಗಳ ಸಾಲಿನಲ್ಲಿ ಚಾರಣಿಗರು ಥಟ್ಟನೆ ಕಣ್ಣಿಗೆ ಬೀಳುತ್ತಾರೆ. ಬೆನ್ನ ಮೇಲೆ ತಲೆಗಿಂತ ಎತ್ತರದ ರಕ್‌ಸ್ಯಾಕ್. ಬ್ಯಾಗಿನ ತೂಕ ಉಳಿಸಲು ಭಾರದ ಶೂಗಳನ್ನು ಮನೆಯಿಂದಲೇ ಕಾಲಿಗೆ ಹಾಕಿಕೊಂಡು ಬಂದಿರುತ್ತಾರೆ. ಜಾಕೆಟ್ಟಿನ ಬೆಲೆ ಕೇಳಿ, ಹೇಳುತ್ತಾರೆ. ಕ್ಯಾಂಪುಗಳ ಹೆಸರು ಕೇಳಿ, ಒಂದೂ ತಪ್ಪದೆ ಒಪ್ಪಿಸುತ್ತಾರೆ. ‘ಮೇಲೆ ಹವಾ ಕೆಟ್ಟರೆ ಎಷ್ಟು ದಿನ ಕಾಯ್ತೀರಿ?’ ಎಂದು ಕೇಳಿದಾಗ ಮಾತ್ರ ಮುಖ ಮುಖ ನೋಡಿಕೊಳ್ಳುತ್ತಾರೆ. ವಾಪಸು ಟಿಕೆಟ್ ಭಾನುವಾರ ರಾತ್ರಿಯದು. ಸೋಮವಾರ ಬೆಳಿಗ್ಗೆ ದೊಡ್ಡಬಳ್ಳಾಪುರದ ಓಬದೇನಹಳ್ಳಿಯ ಕಾರ್ಖಾನೆಯಲ್ಲಿ ಫಸ್ಟ್ ಶಿಫ್ಟ್, ಇಲ್ಲವೇ ಶಾಲೆಯ ಆರಂಭೋತ್ಸವ, ಇಲ್ಲವೇ ಲಾಗಿನ್.

ಎತ್ತರದ ಬೆಟ್ಟಗಳಲ್ಲಿ ಹವೆ ಕೆಡುವುದು ಅಪರೂಪವೇನಲ್ಲ, ಅಲ್ಲಿನ ದಿನಚರಿಯೇ ಅದು. ಅದನ್ನು ಎದುರಿಸಲು ಇರುವ ಉಪಾಯಗಳಲ್ಲಿ ಮುಕ್ಕಾಲು ಪಾಲು ಸುಮ್ಮನೆ ಕಾಯುವುದೇ. ಆದರೆ ಕಾಯುವ ದಿನ ಬೆಟ್ಟದ ಮೇಲೆ ಸಿಗುವ ಸಾಮಾನಲ್ಲ. ರಜೆ ಅರ್ಜಿಯಲ್ಲಿ, ಟಿಕೆಟಿನಲ್ಲಿ, ಗ್ಯಾಸ್ ಡಬ್ಬಿಯಲ್ಲಿ, ಹಿಟ್ಟಿನ ಚೀಲದಲ್ಲಿ ಊರಿನಿಂದಲೇ ಕಟ್ಟಿಕೊಂಡು ಹೋಗಬೇಕು. ಈ ಲೇಖನ ಆ ಗಂಟು ಕಟ್ಟುವುದರ ಬಗ್ಗೆ.

2024ರ ಜೂನ್ ಇಲ್ಲಿ ಯಾರಿಗೂ ಮರೆತಿಲ್ಲ. ಉತ್ತರಾಖಂಡದ ಉತ್ತರಕಾಶಿಯ ಕಡೆಯಿಂದ ಸಹಸ್ರತಾಲ್ ಎಂಬ ಸರೋವರಕ್ಕೆ ಬಹುಪಾಲು ಕರ್ನಾಟಕದವರೇ ಇದ್ದ 22 ಜನರ ತಂಡವೊಂದು ಮೇ ಕೊನೆಗೆ ಹೊರಟಿತು. ಹದಿನಾಲ್ಕು–ಹದಿನೈದು ಸಾವಿರ ಅಡಿಯ ಜಾಗ. ಜೂನ್ 3ರಂದು ಸರೋವರ ನೋಡಿ ಕ್ಯಾಂಪಿಗೆ ಮರಳುವಾಗ ಹಿಮಗಾಳಿ ಎರಗಿತು. ಎದುರಿಗಿನ ಮನುಷ್ಯ ಕಾಣದಂಥ ಬಿಳಿ, ಬಯಲಲ್ಲೇ ರಾತ್ರಿ. ಸುದ್ದಿ ಕೆಳಗೆ ಮುಟ್ಟುವಾಗ ಜೂನ್ 4. ಹೆಲಿಕಾಪ್ಟರುಗಳು ಹಾರಿದವು. 13 ಜನ ಪಾರಾದರು; 9 ಜನ ಉಳಿಯಲಿಲ್ಲ. ಸಚಿವ ಕೃಷ್ಣ ಬೈರೇಗೌಡರು ಡೆಹರಾಡೂನಿಗೆ ಹೋಗಿ ನಿಂತರು. ಮೃತದೇಹಗಳು ಬಂದಿಳಿದದ್ದು ಇದೇ ದೇವನಹಳ್ಳಿಯಲ್ಲಿ. ಬೆಚ್ಚಗಿನ ಕೋಣೆಯಲ್ಲಿ ಕೂತು ಅಂದು ಯಾರು ಏನು ಮಾಡಬೇಕಿತ್ತು ಎಂದು ತೀರ್ಪು ಕೊಡುವುದು ಸುಲಭ. ಆ ಕೆಲಸ ಇಲ್ಲಿ ಬೇಡ. ಆದರೆ ಒಂದನ್ನು ಗಮನಿಸಿ: ಅದು ಎವರೆಸ್ಟ್ ಅಲ್ಲ, ಹಗ್ಗ-ಕೊಡಲಿಯ ಶಿಖರವೂ ಅಲ್ಲ, ಜನ ನಡೆದು ಹೋಗಿ ಬರುವ ಚಾರಣದ ಹಾದಿ. ನಮ್ಮ ಪಂಚಾಂಗದಲ್ಲಿ ಅವು ರೋಹಿಣಿ ಮಳೆಯ ದಿನಗಳು.

ರೋಹಿಣಿಯ ಮಾತು ಸುಮ್ಮನೆ ಎತ್ತಿದ್ದಲ್ಲ. ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ದ್ರಾಕ್ಷಿ ಬೆಳೆಗಾರರಿಗೆ ಭರಣಿ, ಕೃತ್ತಿಕೆಯಿಂದಲೇ ಎದೆ ಡವಡವ. ಬೆಳಿಗ್ಗೆ ತಿಳಿ ಆಕಾಶ. ಹನ್ನೊಂದಕ್ಕೆ ಹತ್ತಿಯಂಥ ಮೋಡ. ಮಧ್ಯಾಹ್ನ ಎರಡಕ್ಕೆ ಅದೇ ಮೋಡ ಗೋಪುರದಂತೆ ಎದ್ದು ನಿಲ್ಲುತ್ತದೆ. ನಾಲ್ಕಕ್ಕೆ ಗಾಳಿ, ಸಿಡಿಲು, ಆಲಿಕಲ್ಲು. ಕಾದ ನೆಲದಿಂದ ಬಿಸಿ ಗಾಳಿ ಮೇಲೇರಿ ಮೋಡ ಕಟ್ಟುವ ಈ ಕ್ರಮ ಮೇ–ಜೂನ್‌ನ ಹಿಮಾಲಯದಲ್ಲೂ ಇದೆ. ಅಲ್ಲಿ ಬೆಟ್ಟದ ಇಳಿಜಾರೇ ಗಾಳಿಯನ್ನು ಮೇಲಕ್ಕೆ ದೂಡುವುದರಿಂದ ಎಲ್ಲವೂ ಇನ್ನೂ ಬೇಗ. ಮೇಲಿಂದ ಬೀಳುವುದು ಮಳೆಯ ಬದಲು ಹಿಮ. ಪಶ್ಚಿಮದಿಂದ ಬರುವ ಹವಾಮಾನದ ಅಲೆಯೊಂದು ಜೊತೆಗೆ ಸೇರಿಕೊಂಡರಂತೂ ಒಂದು ಸಂಜೆಯ ಗಲಾಟೆ ಎರಡು ಮೂರು ದಿನಕ್ಕೆ ಎಳೆಯುತ್ತದೆ. ಹಿಮಾಲಯದ ಗೈಡುಗಳು ರಾತ್ರಿ ಎರಡು ಮೂರಕ್ಕೆ ಎಬ್ಬಿಸಿ ನಡೆಸುವುದು, ಮಧ್ಯಾಹ್ನದೊಳಗೆ ಕ್ಯಾಂಪಿಗೆ ವಾಪಸು ಬರಲೇಬೇಕು ಎನ್ನುವುದು ಇದೇ ಕಾರಣಕ್ಕೆ. ಹಿಂದಿರುಗುವ ಹೊತ್ತನ್ನು ಹಿಂದಿನ ರಾತ್ರಿಯೇ ನಿಗದಿ ಮಾಡಿ ಎಲ್ಲರಿಗೂ ಹೇಳಬೇಕು. ‘ಇನ್ನು ಅರ್ಧ ಗಂಟೆ ಅಷ್ಟೇ’ ಎಂಬ ಮಾತು ಮೇಲೆ ಯಾರ ಬಾಯಿಂದಲಾದರೂ ಬಂದೇ ಬರುತ್ತದೆ. ಆ ಹೊತ್ತಿಗೆ ಗಡಿಯಾರವೇ ನಾಯಕ. 1996ರ ಮೇ 10–11ರಂದು ಎವರೆಸ್ಟಿನಲ್ಲಿ ಒಂದೇ ಬಿರುಗಾಳಿಗೆ 8 ಜನ ಸತ್ತರು. ಅವತ್ತು ಮಧ್ಯಾಹ್ನ ಎರಡರ ಗಡುವು ದಾಟಿದ ಮೇಲೂ ತುದಿಗೆ ಹೋಗುತ್ತಿದ್ದವರಿದ್ದರು.

ಎಷ್ಟು ದಿನ, ಎಷ್ಟು ಗ್ಯಾಸು

ಏಳೆಂಟು ದಿನದ ಚಾರಣಕ್ಕೆ ಎರಡು ದಿನ ಹೆಚ್ಚುವರಿ ಇರಬೇಕು ಎಂಬುದು ನನ್ನ ಲೆಕ್ಕ. ಆರು ಸಾವಿರ ಮೀಟರಿನ ಶಿಖರಕ್ಕಾದರೆ ನಾಲ್ಕೈದು ದಿನ ಇಲ್ಲದೆ ಹೊರಡುವುದು ದುಡ್ಡು ದಂಡ ಮಾಡಿದಂತೆ. ಇದರ ಮೇಲೆ ರಸ್ತೆಗೆ ಒಂದು ದಿನ ಬೇರೆ ಇಡಿ. ಉತ್ತರಕಾಶಿ, ಜೋಶಿಮಠದ ದಾರಿಯಲ್ಲಿ ಗುಡ್ಡ ಜರುಗಿ ಗಂಟೆಗಟ್ಟಲೆ ವಾಹನ ನಿಲ್ಲುವುದು ಮಾಮೂಲು. ಟಿಕೆಟ್ ಬುಕ್ ಮಾಡುವಾಗ ದಿನ ಬದಲಿಸಲು ಬರುವ ದರ್ಜೆಯದನ್ನೇ ತೆಗೆದುಕೊಳ್ಳಿ. ವ್ಯತ್ಯಾಸ ಸಾವಿರ, ಎರಡು ಸಾವಿರ ಇರಬಹುದು. ಕೈಗವಸಿಗೆ ಅದಕ್ಕಿಂತ ಹೆಚ್ಚು ಕೊಟ್ಟಿರುತ್ತೀರಿ.

ಕರೆದೊಯ್ಯುವ ಸಂಸ್ಥೆಯನ್ನು ದುಡ್ಡು ಕಟ್ಟುವ ಮೊದಲೇ ಕೇಳಬೇಕಾದ ಕೆಲವು ಪ್ರಶ್ನೆಗಳಿವೆ. ಹೆಚ್ಚುವರಿ ದಿನ ವೇಳಾಪಟ್ಟಿಯಲ್ಲೇ ಇದೆಯೋ, ನಾವೇ ಕೇಳಿ ಹಾಕಿಸಬೇಕೋ? ಆ ದಿನ ನಿಂತರೆ ಪೋರ್ಟರುಗಳ ಕೂಲಿ, ಹೇಸರಗತ್ತೆಯ ಬಾಡಿಗೆ ಯಾರದ್ದು? ಪೋರ್ಟರುಗಳಿಗೂ ಬೆಚ್ಚನೆಯ ಬಟ್ಟೆ, ಡೇರೆ ಇದೆಯೋ? ಹಿಂದಿರುಗುವ ತೀರ್ಮಾನ ಯಾರ ಕೈಯಲ್ಲಿದೆ? ಕೊನೆಯದಕ್ಕೆ ‘ಎಲ್ಲರೂ ಸೇರಿ ಮಾತಾಡಿ ತೀರ್ಮಾನಿಸ್ತೀವಿ’ ಎಂಬ ಉತ್ತರ ಬಂದರೆ ಅದು ಉತ್ತರವಲ್ಲ. ದಾರಿ ಬಲ್ಲ ಸ್ಥಳೀಯ ಗೈಡು ‘ಇವತ್ತು ಬೇಡ’ ಎಂದರೆ ಅಲ್ಲಿಗೆ ಮುಗಿಯಬೇಕು. ಕೈ ಎತ್ತಿಸಿ ಲೆಕ್ಕ ಹಾಕುವ ವಿಷಯವಲ್ಲ ಅದು. ವಿಮೆ ಇದ್ದರೆ ಪಾಲಿಸಿಯಲ್ಲಿ ಎತ್ತರದ ಮಿತಿ ಎಷ್ಟೆಂದು ಓದಿ. ಸಾಹಸ ಕ್ರೀಡೆಗೆ ಅನ್ವಯವಾಗದು ಎಂಬ ಒಂದು ಸಾಲು ಎಲ್ಲೋ ಕೆಳಗೆ ಸಣ್ಣ ಅಕ್ಷರದಲ್ಲಿ ಇರುತ್ತದೆ.

ಟಿಕೆಟಿನ ಮಾತು ಆಗಲೇ ಬಂತಲ್ಲ, ವಿಮಾನದಲ್ಲಿ ಏನು ಒಯ್ಯಬಾರದೆಂದೂ ಹೇಳಿಬಿಡುತ್ತೇನೆ. ಗ್ಯಾಸ್ ಡಬ್ಬಿಯನ್ನು ಕೈಚೀಲದಲ್ಲೂ ಒಯ್ಯುವಂತಿಲ್ಲ, ಚೆಕ್-ಇನ್ ಲಗೇಜಿನಲ್ಲೂ ಒಯ್ಯುವಂತಿಲ್ಲ. ಇಳಿದ ಮೇಲೆ ಡೆಹರಾಡೂನಿನಲ್ಲೋ ಮನಾಲಿಯಲ್ಲೋ ಕೊಳ್ಳಬೇಕು. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ಅಮೆರಿಕದಲ್ಲಿರುವ ಅಣ್ಣ ಪ್ರೀತಿಯಿಂದ ಕೊಟ್ಟುಹೋದ ಸ್ಯಾಟಲೈಟ್ ಸಂದೇಶ ಯಂತ್ರವನ್ನು ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಚೀಲಕ್ಕೆ ಹಾಕಬೇಡಿ. ನಮ್ಮ ದೇಶದಲ್ಲಿ ಅದು ಕಾನೂನು ಬಾಹಿರ, ಭದ್ರತಾ ತಪಾಸಣೆಯಲ್ಲೇ ಸಿಕ್ಕಿಬೀಳುತ್ತೀರಿ.

ಗ್ಯಾಸಿನಲ್ಲೂ ಆರಿಸುವುದಿದೆ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಉದ್ದನೆಯ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಬರೀ ಬ್ಯೂಟೇನ್ ಇರುತ್ತದೆ. ಅದು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಆವಿಯಾಗುವುದನ್ನು ನಿಲ್ಲಿಸುತ್ತದೆ. ಡಬ್ಬಿ ತುಂಬಿದ್ದರೂ ಒಲೆ ಉರಿಯುವುದಿಲ್ಲ. ಪ್ರೊಪೇನ್ ಬೆರೆತ, ತಿರುಪು ಬಾಯಿಯ ಡಬ್ಬಿಯನ್ನೇ ಕೊಳ್ಳಿ. ಹಿಮ ಕರಗಿಸಿಯೇ ನೀರು ಮಾಡಿಕೊಳ್ಳಬೇಕಾದ ಕಡೆ ಇಬ್ಬರಿಗೆ ದಿನಕ್ಕೆ ಒಂದು 230 ಗ್ರಾಂ ಡಬ್ಬಿ ಎಂದು ಹಿಡಿದರೆ ಮೋಸ ಹೋಗುವುದಿಲ್ಲ. ಎಷ್ಟು ದಿನ ಕಾಯಬಲ್ಲಿರಿ ಎಂಬುದನ್ನು ಊಟಕ್ಕಿಂತ ಮೊದಲು ಗ್ಯಾಸೇ ಹೇಳುತ್ತದೆ. ಒಂದು ಹೊತ್ತು ಉಪವಾಸ ಇದ್ದೇವು, ನೀರಿಲ್ಲದೆ ಆಗದು.

ಊಟಕ್ಕೆ ನಮ್ಮ ಕಡೆಯವರಿಗೆ ಹೊರಗಿನ ಪ್ಯಾಕೆಟ್ಟು ಹುಡುಕುವ ಅಗತ್ಯವೇ ಇಲ್ಲ. ದೊಡ್ಡಬಳ್ಳಾಪುರದಲ್ಲಿ ನೀರು ಸುಮಾರು 97 ಡಿಗ್ರಿಗೆ ಕುದಿಯುತ್ತದೆ. 4,500 ಮೀಟರಿನಲ್ಲಿ 85ಕ್ಕೇ ಕುದಿದುಬಿಡುತ್ತದೆ. ಎಷ್ಟು ಉರಿ ಹಾಕಿದರೂ ಅದಕ್ಕಿಂತ ಬಿಸಿಯಾಗದು, ಹಾಗಾಗಿ ಕುಕ್ಕರ್ ಇಲ್ಲದೆ ಬೇಳೆ ಬೇಯದು, ಅಕ್ಕಿ ಅರೆಬರೆ ಬೇಯುತ್ತದೆ. ಮೊದಲೇ ಹುರಿದು ಬೀಸಿದ ರಾಗಿ ಹುರಿಹಿಟ್ಟಿಗೆ ಈ ತಾಪತ್ರಯ ಇಲ್ಲ. ಬಿಸಿನೀರು, ಬೆಲ್ಲ, ಒಂದು ಚಮಚ ತುಪ್ಪ ಹಾಕಿ ಕಲಸಿದರೆ ಮುಗಿಯಿತು. ತೆಳು ಅವಲಕ್ಕಿ, ಶೇಂಗಾ ಚಿಕ್ಕಿ, ಕೊಬ್ಬರಿ ಮಿಠಾಯಿ, ಚಟ್ನಿಪುಡಿ ಸೇರಿಸಿ. ಚಟ್ನಿಪುಡಿ ಮುಖ್ಯ: ಎತ್ತರದಲ್ಲಿ ಹಸಿವು ಸತ್ತಿರುತ್ತದೆ, ಖಾರ-ಹುಳಿ ನಾಲಿಗೆಗೆ ತಾಗಿದರೆ ಎರಡು ತುತ್ತು ಹೆಚ್ಚಿಗೆ ಇಳಿಯುತ್ತದೆ.

ಕೆಳಗೆ ಕಾಯಿರಿ

ಎಲ್ಲಿ ಕಾಯಬೇಕು ಎಂಬುದು ಎಷ್ಟು ದಿನ ಎಂಬುದಕ್ಕಿಂತ ದೊಡ್ಡ ಪ್ರಶ್ನೆ. 4,500 ಮೀಟರಿನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇ. 60ಕ್ಕಿಂತಲೂ ಕಡಿಮೆ. ನಮ್ಮ ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ಬಹುಪಾಲು ನೆಲ ಒಂಬೈನೂರು ಮೀಟರಿನ ಆಸುಪಾಸಿನದು. ನೆಲಮಂಗಲದ ಶಿವಗಂಗೆ ಬೆಟ್ಟದ ತುದಿ 1,350 ಮೀಟರ್ ದಾಟಿದ್ದು, ನಂದಿ ಬೆಟ್ಟ 1,478. ರಾಜ್ಯದಲ್ಲೇ ಎತ್ತರದ ಮುಳ್ಳಯ್ಯನಗಿರಿಯೂ 1,930 ಮೀಟರ್ ಅಷ್ಟೆ. ಎತ್ತರದ ಕಾಯಿಲೆ ಶುರುವಾಗುವುದು ಸುಮಾರು 2,500 ಮೀಟರಿನ ಮೇಲೆ. ಅಂದರೆ ಪ್ರತಿ ಭಾನುವಾರ ಶಿವಗಂಗೆ ಹತ್ತಿದವರ ಕಾಲು, ಶ್ವಾಸಕೋಶ ಗಟ್ಟಿಯಾಗಬಹುದು. ರಕ್ತಕ್ಕೆ ಎತ್ತರದ ಅಭ್ಯಾಸ ಆಗಿರುವುದಿಲ್ಲ. ಮ್ಯಾರಥಾನ್ ಓಡಿದವರಿಗೂ ಇದರಲ್ಲಿ ರಿಯಾಯಿತಿ ಇಲ್ಲ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರ್ನಾಲ್ಕು ದಿನಕ್ಕೊಮ್ಮೆ ಒಂದು ದಿನ ಅಲ್ಲೇ ನಿಲ್ಲಬೇಕು ಎಂಬುದು ವೈದ್ಯರ ನಿಯಮ.

ಹೀಗಿರುವಾಗ ಮುನ್ಸೂಚನೆ ಕೆಟ್ಟದಿದ್ದರೆ ಮೇಲಿನ ಕ್ಯಾಂಪಿಗೆ ಹೋಗಿ ಅಲ್ಲಿ ಕಾಯುತ್ತೇವೆ ಎನ್ನುವುದು ತಲೆಕೆಳಗಾದ ಲೆಕ್ಕ. ಕಾಡಿನ ಅಂಚಿನಲ್ಲೋ ಕೊನೆಯ ಹಳ್ಳಿಯಲ್ಲೋ ಎರಡು ದಿನ ಕೂತರೆ ಮೈ ಹುರುಪಾಗುತ್ತದೆ, ನಿದ್ದೆ ಬರುತ್ತದೆ, ಸೌದೆ-ನೀರು ಸಿಗುತ್ತದೆ. ಸುಮಾರು 5,500 ಮೀಟರಿನ ಮೇಲೆ ಸುಮ್ಮನೆ ಮಲಗಿದ್ದರೂ ದೇಹ ಸವೆಯುತ್ತಲೇ ಹೋಗುತ್ತದೆ. ಎವರೆಸ್ಟಿನ ಆರೋಹಿಗಳು 5,364 ಮೀಟರಿನ ಬೇಸ್ ಕ್ಯಾಂಪೂ ಸಾಲದೆಂದು ಕೊನೆಯ ಏರಿಕೆಗೆ ಮುಂಚೆ ಇನ್ನೂ ಕೆಳಗಿನ ಹಳ್ಳಿಗಳಿಗೆ ಇಳಿದು ಬಿದ್ದುಕೊಂಡಿರುತ್ತಾರೆ.

ಈ ಪಾಠಕ್ಕೆ ಭಾರತೀಯರು ದೊಡ್ಡ ಬೆಲೆಯನ್ನೇ ತೆತ್ತರು. 1960ರಲ್ಲಿ ಬ್ರಿಗೇಡಿಯರ್ ಗ್ಯಾನ್ ಸಿಂಗ್ ನೇತೃತ್ವದ ಮೊದಲ ಎವರೆಸ್ಟ್ ತಂಡ ತುದಿ ಇನ್ನು 700 ಅಡಿ ಇರುವಾಗ ಗಾಳಿಗೆ ಹಿಂದಿರುಗಿತು. 1962ರಲ್ಲಿ ಜಾನ್ ಡಯಾಸ್ ತಂಡದ ಸೋನಮ್ ಗ್ಯಾತ್ಸೊ, ಹರಿ ದಂಗ್, ಎಂ.ಎಸ್. ಕೊಹ್ಲಿ ಮೂವರು 27,000 ಅಡಿ ಮೀರಿದ ಕೊನೆಯ ಕ್ಯಾಂಪಿನಲ್ಲಿ ಮೂರು ರಾತ್ರಿ ಕಳೆದರು. ಅಷ್ಟು ಮೇಲೆ ಕಾಯುವುದೆಂದರೆ ಇರುವ ಶಕ್ತಿಯನ್ನು ಸುಡುವುದು. 400 ಅಡಿ ಉಳಿದಿರುವಾಗ ಅವರೂ ಇಳಿದರು. 1965ರಲ್ಲಿ ಕೊಹ್ಲಿಯವರೇ ನಾಯಕ. ಏಪ್ರಿಲ್ ಕೊನೆಯ ಹೊತ್ತಿಗೆ ಮೇಲೆ ಹೋಗಿದ್ದ ತಂಡ ಹವೆ ಕೆಟ್ಟಾಗ ಮೇಲೆ ಪಟ್ಟು ಹಿಡಿಯದೆ ಬೇಸ್ ಕ್ಯಾಂಪಿಗೇ ಇಳಿದುಬಿಟ್ಟಿತು. ಪರ್ವತಾರೋಹಿಗಳಿಗೆಂದೇ ಆಕಾಶವಾಣಿ ಹವಾಮಾನ ವಾರ್ತೆ ಬಿತ್ತರಿಸುತ್ತಿದ್ದ ಕಾಲ ಅದು. ರೇಡಿಯೋಗೆ ಕಿವಿಗೊಟ್ಟು ವಾರಗಟ್ಟಲೆ ಕಾದರು. ಮೇ 20ಕ್ಕೆ ನವಾಂಗ್ ಗೊಂಬು ಮತ್ತು ಎ.ಎಸ್. ಚೀಮಾ ತುದಿ ಮುಟ್ಟಿದರು. 29ರೊಳಗೆ ನಾಲ್ಕು ಸರದಿಯಲ್ಲಿ ಒಟ್ಟು ಒಂಬತ್ತು ಮಂದಿ. ಮೂರು ವರ್ಷಗಳ ಹಿಂದೆ ಇಳಿದು ಬಂದಿದ್ದ ಸೋನಮ್ ಗ್ಯಾತ್ಸೊ ಆ ಒಂಬತ್ತರಲ್ಲಿ ಒಬ್ಬರು.

ಮೋಡ ಓದುವುದು

ಈಗ ರೇಡಿಯೋ ಬೇಕಿಲ್ಲ, ಆದರೆ ಆ್ಯಪ್ ಒಂದನ್ನೇ ನಂಬಿ ಕೂರುವುದೂ ಆಗದು. ಹೊರಡುವ ವಾರ ಹವಾಮಾನ ಇಲಾಖೆಯ ಡೆಹರಾಡೂನ್ ಕೇಂದ್ರದ ಜಿಲ್ಲಾವಾರು ಮುನ್ಸೂಚನೆ ನೋಡಿ. ಹಳದಿ, ಕಿತ್ತಳೆ, ಕೆಂಪು ಎಂದು ಬಣ್ಣ ಹಾಕಿರುತ್ತಾರೆ. ಮುಕ್ತೇಶ್ವರ, ಸುರಕಂಡಾ ದೇವಿ, ಲ್ಯಾನ್ಸ್‌ಡೌನ್‌ಗಳಲ್ಲಿ ರಾಡಾರುಗಳಿವೆ. ವಿಂಡಿಯಂಥ ಆ್ಯಪುಗಳಲ್ಲಿ ಮಳೆಯ ಮೊತ್ತಕ್ಕಿಂತ ನಿಮ್ಮ ಎತ್ತರದ ಗಾಳಿಯ ವೇಗ ಮುಖ್ಯ. ಸೊನ್ನೆ ಡಿಗ್ರಿ ಎಂದು ತೋರಿಸುತ್ತಿದ್ದರೂ ಗಂಟೆಗೆ 50 ಕಿಲೋಮೀಟರ್ ಗಾಳಿ ಬೀಸಿದರೆ ಮೈಗೆ ತಾಗುವುದು ಮೈನಸ್ 8ರ ಚಳಿ. ಮೈನಸ್ 10ಕ್ಕೆ ಅದೇ ಗಾಳಿ ಸೇರಿದರೆ ಮೈನಸ್ 22.

ನೆಟ್‌ವರ್ಕ್ ತಪ್ಪಿದ ಮೇಲೆ ಕೈಯಲ್ಲಿರುವ ಎತ್ತರ ತೋರಿಸುವ ಗಡಿಯಾರವೇ ಹವಾಮಾನ ಕೇಂದ್ರ. ಅದರಲ್ಲಿ ಒತ್ತಡ ಅಳೆಯುವ ಸೌಲಭ್ಯ ಇರಬೇಕು. ಸಂಜೆ ಡೇರೆಯಲ್ಲಿ ಎತ್ತರ ಬರೆದಿಟ್ಟುಕೊಂಡು ಮಲಗಿ. ಬೆಳಿಗ್ಗೆ ಎದ್ದಾಗ ನೀವು ಕದಲದಿದ್ದರೂ ಗಡಿಯಾರ 50 ಮೀಟರ್ ಮೇಲೆ ತೋರಿಸಿದರೆ ಗಾಳಿಯ ಒತ್ತಡ ಸುಮಾರು 4 ಹೆಕ್ಟೊಪ್ಯಾಸ್ಕಲ್ ಕುಸಿದಿದೆ ಎಂದರ್ಥ, ಅವತ್ತು ಹೊರಡಬೇಡಿ. ಸೂರ್ಯನ ಸುತ್ತ ಉಂಗುರ ಕಟ್ಟಿ, ಆಮೇಲೆ ತೆಳು ಪರದೆ ದಪ್ಪಗಾಗುತ್ತಾ ಬಂದರೆ ಒಂದು ದಿನದೊಳಗೆ ಹವೆ ಕೆಡುವ ಸಂಭವ ಹೆಚ್ಚು. ಶಿಖರದ ನೆತ್ತಿಗೆ ನುಣುಪಾದ ಟೋಪಿಯಂಥ ಮೋಡ ಕೂತು ಅಲುಗದೆ ನಿಂತಿದ್ದರೆ ನೋಡಲು ಚೆಂದ, ಅಲ್ಲಿ ಗಾಳಿ ಹುಚ್ಚೆದ್ದಿರುತ್ತದೆ.

ಡೇರೆಯೊಳಗೆ

ಹಿಮ ಬೀಳುವಾಗ ಮೊದಲು ಡೇರೆಯ ಬಟ್ಟೆಗೆ ಮರಳು ಎರಚಿದ ಸದ್ದು. ಆಮೇಲೆ ಆ ಸದ್ದು ಕಡಿಮೆಯಾಗುತ್ತದೆ, ಒಳಗೆ ಬೆಚ್ಚಗೂ ಅನಿಸುತ್ತದೆ. ಹಿಮ ನಿಂತಿತೆಂದು ಮಗ್ಗುಲು ಬದಲಿಸಿ ಮಲಗುವವರೇ ಹೆಚ್ಚು. ಸದ್ದು ನಿಂತದ್ದು ಮೇಲೆ ಒಂದಡಿ ಹಿಮ ಕೂತಿದ್ದಕ್ಕೂ ಇರಬಹುದು. ಎರಡು ಮೂರು ಗಂಟೆಗೊಮ್ಮೆ ಸರದಿಯ ಮೇಲೆ ಎದ್ದು ಒಳಗಿಂದ ಗೋಡೆ ತಟ್ಟಿ ಹಿಮ ಉದುರಿಸಬೇಕು, ಹೊರಗೆ ಹೋಗಿ ಬುಡದ ಹಿಮ ತೋಡಬೇಕು. ಬುಡ ಮುಚ್ಚಿದರೆ ಗಾಳಿ ಆಡುವುದಿಲ್ಲ. ಸಲಿಕೆ ಬಟ್ಟೆಗೆ ತಾಗೀತು. ಹತ್ತಿರ ಬಂದ ಮೇಲೆ ಕೈಯಲ್ಲೇ ಬಾಚಿ. ಸಂಜೆಯೇ ಡೇರೆಯ ಕಿರಿದಾದ ಬದಿಯನ್ನು ಗಾಳಿಗೆ ಕೊಟ್ಟು, ಹಗ್ಗಗಳನ್ನು ಗೂಟಕ್ಕಲ್ಲ, ಕಲ್ಲುಗಳಿಗೆ ಬಿಗಿದಿದ್ದರೆ ರಾತ್ರಿಯ ಅರ್ಧ ಕೆಲಸ ಮುಗಿದಿರುತ್ತದೆ.

ಒಳಗೆ ಒಲೆ ಹಚ್ಚುವ ಚಟ ಎಲ್ಲಕ್ಕಿಂತ ಅಪಾಯ. ಮುಚ್ಚಿದ ಡೇರೆಯಲ್ಲಿ ಒಲೆ ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಮೊದಲ ಲಕ್ಷಣ ತಲೆನೋವು, ವಾಕರಿಕೆ. ಎತ್ತರದ ಕಾಯಿಲೆಯದ್ದೂ ಅವೇ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಒಲೆ ಹೊರಗಿನ ಮುಂಗಟ್ಟಿನಲ್ಲೇ ಇರಲಿ, ಬಾಗಿಲಿನ ಜಿಪ್ಪು ಮೇಲೆ-ಕೆಳಗೆ ಎರಡೂ ಕಡೆ ತೆರೆದಿರಲಿ. ಚಳಿಗೆ ಒಲೆಯನ್ನು ಹೀಟರ್ ಮಾಡಿಕೊಂಡು ಮಲಗುವ ಮಾತೇ ಬೇಡ.

ಹಿಮ ಕರಗಿಸುವಾಗ ಪಾತ್ರೆಯ ತಳಕ್ಕೆ ಒಂದು ಲೋಟ ನೀರು ಇರಲೇಬೇಕು, ಇಲ್ಲದಿದ್ದರೆ ತಳ ಸುಟ್ಟು ಆ ವಾಸನೆಯ ನೀರನ್ನು ಎರಡು ದಿನ ಕುಡಿಯಬೇಕಾಗುತ್ತದೆ. ಒಬ್ಬರಿಗೆ ದಿನಕ್ಕೆ ಮೂರ್ನಾಲ್ಕು ಲೀಟರ್ ನೀರು ಬೇಕು. ಮೂತ್ರ ದಟ್ಟ ಹಳದಿಯಾಗಿದ್ದರೆ ಸಾಲುತ್ತಿಲ್ಲ ಎಂದೇ ತಿಳಿಯಿರಿ. ಮಲಗುವಾಗ ಬಿಸಿನೀರಿನ ಬಾಟಲಿ ಸ್ಲೀಪಿಂಗ್ ಬ್ಯಾಗಿನೊಳಗೆ. ಹೊರಗಿಡುವ ಬಾಟಲಿ ತಲೆಕೆಳಗಾಗಿ, ಮಂಜುಗಡ್ಡೆ ಬುಡದ ಕಡೆ ಕಟ್ಟಲಿ, ಮುಚ್ಚಳ ಬಿಚ್ಚಲು ಬರಲಿ. ಫೋನು, ಟಾರ್ಚಿನ ಬ್ಯಾಟರಿ, ಒದ್ದೆ ಕಾಲುಚೀಲ, ಶೂ ಒಳಗಿನ ಅಟ್ಟೆ ಎಲ್ಲವೂ ನಿಮ್ಮ ಜೊತೆಯಲ್ಲೇ ಮಲಗಬೇಕು. ಸಂಸಾರ ದೊಡ್ಡದಾಯಿತು ಅನಿಸಿದರೆ ಬೆಳಿಗ್ಗೆ ಕಲ್ಲಾದ ಶೂಗೆ ಕಾಲು ತೂರಿಸಿ ನೋಡಿ.

ಬೇಜಾರು ಹಿಡಿಯುತ್ತದೆ. ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ ಜೊತೆಯವನು ಮೂಗೆಳೆಯುವ ಸದ್ದಿಗೂ ಸಿಟ್ಟು ಬರುತ್ತದೆ, ಸ್ವಲ್ಪ ಬಿಸಿಲು ಕಂಡರೆ ಹೊರಟೇಬಿಡೋಣ ಅನಿಸುತ್ತದೆ. ಇಸ್ಪೀಟು, ಚೌಕಾಬಾರ, ಒಂದು ದಪ್ಪ ಕಾದಂಬರಿ ಒಯ್ಯಿರಿ. ದಿನಕ್ಕೆ ಎರಡು ಸಲವಾದರೂ ಡೇರೆಯಿಂದ ಡೇರೆಗೆ ಹೋಗಿ ಪ್ರತಿಯೊಬ್ಬರನ್ನೂ ಮಾತಾಡಿಸಬೇಕು. ತಲೆನೋವು ಇದೆಯೋ, ಊಟ ಸೇರಿತೋ, ಗೆರೆ ಎಳೆದಂತೆ ನೇರ ನಡೆಯಲು ಬರುತ್ತದೋ ನೋಡಬೇಕು. ನಡೆಯುವಾಗ ಓಲಾಡಿದರೆ, ಮಾತು ತೊದಲಿದರೆ, ಕೂತಲ್ಲೇ ಏದುಸಿರು ಬಂದು ಕೆಮ್ಮಿನಲ್ಲಿ ನೊರೆ ಕಾಣಿಸಿದರೆ ಕಾಯುವ ಮಾತು ಮುಗಿಯಿತು. ಮಿದುಳಿಗೋ ಶ್ವಾಸಕೋಶಕ್ಕೋ ನೀರು ತುಂಬುತ್ತಿದೆ. ಮಾತ್ರೆ, ಆಮ್ಲಜನಕ ಸ್ವಲ್ಪ ಹೊತ್ತು ತಡೆದಾವು, ಮದ್ದು ಕೆಳಗಿಳಿಸುವುದೇ. ದಾರಿ ಕಾಣುವಷ್ಟಿದ್ದರೆ ಕತ್ತಲಲ್ಲಾದರೂ ಇಳಿಸಿ. ಹೊರಡುವ ಮುನ್ನ ಊರಿನ ಡಾಕ್ಟರರ ಹತ್ತಿರ ಎತ್ತರದ ಮಾತ್ರೆಗಳ ಬಗ್ಗೆ ಮಾತಾಡಿ. ಸಲ್ಫಾ ಔಷಧಿ ಒಗ್ಗದವರು ಅದನ್ನು ಅವರಿಗೆ ಹೇಳಲೇಬೇಕು.

ಬಯಲಲ್ಲಿ ಸಿಕ್ಕಿಬಿದ್ದರೆ

ಕ್ಯಾಂಪು ದೂರ, ಹಿಮಗಾಳಿ ಸುತ್ತುವರಿದಿದೆ, ದಾರಿ ಕಾಣುತ್ತಿಲ್ಲ. ಕಾಲಲ್ಲಿ ಶಕ್ತಿ ಇರುವಾಗಲೇ ನಿಲ್ಲಲು ತೀರ್ಮಾನಿಸುವುದು ಇಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ. ಸುಸ್ತಾಗಿ ಕುಸಿದು ನಿಲ್ಲುವವರಿಗೆ ಆಸರೆ ಕಟ್ಟಿಕೊಳ್ಳುವ ಬಲ ಇರುವುದಿಲ್ಲ. ದೊಡ್ಡ ಬಂಡೆಯ ಗಾಳಿ ತಾಗದ ಬದಿ ನೋಡಿ; ಹಿಮ ಜಾರುವ ಇಳಿಜಾರಿನ ಕೆಳಗೆ, ನೀರು ಹರಿಯುವ ಕೊರಕಲಿನಲ್ಲಿ ಬೇಡ. ಚಳಿ ಹತ್ತುವ ಮೊದಲೇ ಚೀಲದಲ್ಲಿರುವ ಎಲ್ಲ ಬಟ್ಟೆ ಮೈಮೇಲೆ ಬರಲಿ. ಕೂರುವುದು ರಕ್‌ಸ್ಯಾಕಿನ ಮೇಲೆ, ಕಾಲು ಖಾಲಿ ಮಾಡಿದ ಚೀಲದೊಳಗೆ. ತಂಡಕ್ಕೆ ಒಂದು ಎಂಬಂತೆ ಏಳೆಂಟು ಜನ ಒಳಗೆ ಕೂರುವ ಚೀಲದಂಥ ಆಸರೆಗಳು ಸಿಗುತ್ತವೆ, ತೂಕ ಅರ್ಧ-ಮುಕ್ಕಾಲು ಕಿಲೋ; ಇದನ್ನು ಕೊಂಡ ಮೇಲೆ ಬೇಕಾದರೆ ಡ್ರೋನ್ ಕೊಳ್ಳಿ. ಮೈಗೆ ಮೈ ಒತ್ತಿಕೊಂಡು ಕೂತು ಹದಿನೈದು ನಿಮಿಷಕ್ಕೊಮ್ಮೆ ಹೆಸರು ಹಿಡಿದು ಕೂಗಿ. ಸಿಹಿ ತಿನ್ನಿ. ರಮ್ಮು, ಬ್ರಾಂದಿ ಬೇಡ. ಮೈ ಬಿಸಿಯಾದಂತೆ ಅನಿಸುತ್ತದೆ, ಒಳಗಿನ ಶಾಖ ಹೊರಗೆ ಹೋಗುತ್ತದೆ. ಹತ್ತಿ ಬನಿಯನ್ನು, ಜೀನ್ಸು ಒದ್ದೆಯಾದರೆ ಬಟ್ಟೆಯೇ ಶತ್ರು.

ಯಾರಾದರೂ ಮಾತು ತಡವರಿಸಿ, ಜಿಪ್ಪು ಎಳೆಯಲಾರದೆ, ಕಾರಣವಿಲ್ಲದೆ ರೇಗತೊಡಗಿದರೆ ದೇಹದ ಶಾಖ ಇಳಿಯುತ್ತಿದೆ. ನಡುಕ ನಿಂತುಹೋಯಿತೆಂದು ಸಮಾಧಾನಪಡಬೇಡಿ, ಅದು ಇನ್ನೂ ಕೆಟ್ಟ ಘಟ್ಟ. ಕೊನೆಗೆ ‘ಸೆಕೆ’ ಎಂದು ಜಾಕೆಟ್ ಬಿಚ್ಚಲು ಹೋಗುವವರೂ ಇರುತ್ತಾರೆ. ಒದ್ದೆ ಬಟ್ಟೆ ತೆಗೆದು ಒಣಗಿದ್ದು ಹಾಕಿ, ಕೆಳಗೆ ಚಾಪೆ ಕೊಟ್ಟು, ಇಬ್ಬರ ನಡುವೆ ಮಲಗಿಸಿ. ಕೈಕಾಲು ಉಜ್ಜಬೇಡಿ.

ಹಿಮ ನಿಂತು, ಆಕಾಶ ನೀಲಿಯಾಗಿ, ಬೆಟ್ಟ ಹೊಳೆಯುವ ಮೊದಲ ಬೆಳಿಗ್ಗೆ ಮನಸ್ಸು ಕುಣಿಯುತ್ತದೆ. ಅವತ್ತೂ ಕೂರಬೇಕಾಗಬಹುದು. ಹೊಸ ಹಿಮ ಹಳೆಯದರ ಮೇಲೆ ಅಂಟಿಕೊಳ್ಳಲು 24ರಿಂದ 48 ಗಂಟೆ ಹಿಡಿಯುತ್ತದೆ. ಬಿಸಿಲು ತಾಗಿದ ಇಳಿಜಾರು ಅಷ್ಟರೊಳಗೆ ಜಾರುತ್ತದೆ. ಕಾಲಿಟ್ಟಾಗ ‘ಧುಪ್’ ಎಂದು ಒಳಗೇ ಕುಸಿದ ಸದ್ದು, ಹಿಮದ ಮೇಲೆ ಓಡುವ ಬಿರುಕು ಕಂಡರೆ ಬಂದ ಹೆಜ್ಜೆಯಲ್ಲೇ ಹಿಂದಿರುಗಿ. 2022ರ ಅಕ್ಟೋಬರ್ 4ರಂದು ದ್ರೌಪದಿ ಕಾ ದಂಡಾ-2ರಲ್ಲಿ ಹಿಮಕುಸಿತಕ್ಕೆ ಸಿಕ್ಕವರು ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯ ಶಿಬಿರಾರ್ಥಿಗಳು, ಬೋಧಕರು. ಎರಡು ಡಜನ್ನಿಗೂ ಹೆಚ್ಚು ಜನ ಸತ್ತರು. ಕಲಿತವರನ್ನೂ ಹಿಮ ಬಿಡುವುದಿಲ್ಲ.

ಅಭ್ಯಾಸ ಇಲ್ಲೇ

ಎತ್ತರದ ಅಭ್ಯಾಸ ಇಲ್ಲಿ ಸಿಗದು ಎಂದೆ. ಕಾಯುವ ಅಭ್ಯಾಸ ಸಿಗುತ್ತದೆ. ದೊಡ್ಡಬಳ್ಳಾಪುರದ ಮಾಕಳಿದುರ್ಗ, ನೆಲಮಂಗಲದ ಶಿವಗಂಗೆ ಎರಡೂ ಬೋಳು ಬಂಡೆಯ ಬೆಟ್ಟಗಳು. ಏಪ್ರಿಲ್–ಮೇ ಮಧ್ಯಾಹ್ನದ ಸಿಡಿಲಿಗೆ ಅಲ್ಲಿ ಮರೆಯೇ ಇಲ್ಲ. ಮುಂಚೆಯೇ ದಾಮಿನಿ ಆ್ಯಪ್, ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸಿಡಿಲು ಆ್ಯಪ್ ಫೋನಿಗೆ ಹಾಕಿಕೊಳ್ಳಿ. ಆ ಕೇಂದ್ರ ಇರುವುದು ಪಕ್ಕದ ಯಲಹಂಕದಲ್ಲೇ. ಮಿಂಚು ಕಂಡ ಕ್ಷಣದಿಂದ ಗುಡುಗಿನವರೆಗೆ ಎಣಿಸಿ: ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೂವತ್ತು ಎಣಿಸುವುದರೊಳಗೆ ಗುಡುಗಿದರೆ ತುದಿ ಬಿಟ್ಟು ಇಳಿಯಬೇಕು. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಪೂರ್ತಿ ಕಾಯಬೇಕು. ಆ ಅರ್ಧ ಗಂಟೆ ಸುಮ್ಮನೆ ಕೂರಲಾಗದ ಗೆಳೆಯ ಹಿಮಾಲಯದಲ್ಲೂ ಕೂರಲಾರ. ಯಾರನ್ನು ಜೊತೆಗೆ ಕರೆದೊಯ್ಯಬೇಕೆಂದು ಅಲ್ಲೇ ಗೊತ್ತಾಗಿಬಿಡುತ್ತದೆ.

ಸಿಡಿಲು ಬರುವಾಗ ಶಿವಗಂಗೆಯ ಕಡಿದಾದ ಮೆಟ್ಟಿಲುಗಳ ಕಬ್ಬಿಣದ ಕಂಬಿ ಹಿಡಿಯಬೇಡಿ. ಮಳೆಗೆ ಆಸರೆಯೆಂದು ಚಾಚಿದ ಬಂಡೆಯ ಕೆಳಗೆ, ಒಂಟಿ ಮರದ ಬುಡಕ್ಕೆ, ತೆರೆದ ಕಲ್ಲುಮಂಟಪಕ್ಕೆ ಓಡುವುದು ಎಲ್ಲರ ಮೊದಲ ಬುದ್ಧಿ. ಬಂಡೆಯ ಮೇಲೆ ಹರಿದು ಬಂದ ವಿದ್ಯುತ್ತು ಅಂಥ ಸಂದಿನಲ್ಲೇ ಹಾರುತ್ತದೆ. ಇಳಿಯಲು ಆಗದಿದ್ದರೆ ತಗ್ಗಿನಲ್ಲಿ ರಕ್‌ಸ್ಯಾಕಿನ ಮೇಲೆ ಪಾದ ಜೋಡಿಸಿ ಕುಕ್ಕರಗಾಲಲ್ಲಿ ಕೂತು, ಒಬ್ಬರಿಂದೊಬ್ಬರು ಹದಿನೈದು ಮೀಟರ್ ದೂರ ಇರಿ. ಹಿಮಗಾಳಿಯಲ್ಲಿ ಒತ್ತಿಕೊಂಡು ಕೂರಬೇಕು, ಸಿಡಿಲಿಗೆ ಚದುರಬೇಕು, ಎರಡನ್ನೂ ಕಲಸಿಕೊಳ್ಳಬೇಡಿ.

ಮಾಕಳಿದುರ್ಗಕ್ಕೆ ಹೋಗುವವರು ಅರಣ್ಯ ಇಲಾಖೆಯ ಅನುಮತಿಯನ್ನು ಮೊದಲೇ ವಿಚಾರಿಸಿಕೊಳ್ಳಿ, ಸ್ಟೇಷನ್ನಿನಿಂದ ಹಳಿಯ ಮೇಲೆ ನಡೆಯುವ ಹಳೆಯ ಚಾಳಿ ಬಿಡಿ. ಕೆಳಗಿನ ಟೀ ಅಂಗಡಿಯಲ್ಲಿ ಎಷ್ಟು ಜನ ಹತ್ತುತ್ತಿದ್ದೀರಿ, ಎಷ್ಟು ಹೊತ್ತಿಗೆ ಇಳಿಯುತ್ತೀರಿ ಎಂದು ಹೇಳಿ ಹೋಗಿ. ತುರ್ತಿಗೆ 112. ಮಳೆಗೆ ಸಿಕ್ಕಿ ತಡವಾಗಿ ಇಳಿದರೂ ಅದೇ ಅಂಗಡಿಗೆ ಹೋಗಿ ಬಂದೆವೆಂದು ಹೇಳಿ ಬಸ್ಸು ಹತ್ತಿ. ಹೇಳದೆ ಹೋದರೆ ಆ ಊರಿನವರು ಟಾರ್ಚು ಹಿಡಿದು ನಿಮ್ಮನ್ನು ಹುಡುಕಲು ಹೊರಟುಬಿಡುತ್ತಾರೆ.